ತಿಂಗಳಿಗೆ ಎರಡು ಸಾವಿರ ಪುಟ, ಬರೀ ಕಪ್ಪು ಅಕ್ಷರ: ಮನೆಗೆ ಯಾವ ಪ್ರಿಂಟರ್ ಅಗ್ಗ?

ಪ್ರಶ್ನೆ: ಮನೆಪಾಠದ ಶಿಕ್ಷಕಿ, ಶಿರಸಿ

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ವಾರದ ಪ್ರಶ್ನೆಪತ್ರಿಕೆ, ಅಭ್ಯಾಸದ ಹಾಳೆ, ಟಿಪ್ಪಣಿ ಎಲ್ಲ ಸೇರಿ ಜೂನ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೆ ಸುಮಾರು 2000 ಪುಟ ಮುದ್ರಿಸಬೇಕಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಯಂತ್ರಕ್ಕೆ ಕೈಯನ್ನೇ ಹಚ್ಚುವುದಿಲ್ಲ. ಬಣ್ಣ, ಫೋಟೊ, ಸ್ಕ್ಯಾನ್ ಯಾವುದೂ ಬೇಡ.

ಈಗಿರುವುದು ಚಿಕ್ಕ ಕಾರ್ಟ್ರಿಜ್‌ನ ಬಣ್ಣದ ಇಂಕ್‌ಜೆಟ್. ಅದರ ಕಪ್ಪು ಕಾರ್ಟ್ರಿಜ್ ಇನ್ನೂರು ಪುಟ ದಾಟುವುದಿಲ್ಲ. ಮೇಲಾಗಿ, ನಾನು ಎಂದೂ ಬಳಸದ ಬಣ್ಣದ ಕಾರ್ಟ್ರಿಜ್ ಖಾಲಿಯಾಗಿದೆಯೆಂದು ಕಪ್ಪು ಅಕ್ಷರವನ್ನೂ ಮುದ್ರಿಸದೆ ಮುಷ್ಕರ ಹೂಡುತ್ತದೆ. ಅಂಗಡಿಯವರು ಒಬ್ಬರು ಪುಡಿಯಿಂದ ಮುದ್ರಿಸುವ ಲೇಸರ್ ಎನ್ನುತ್ತಾರೆ, ಇನ್ನೊಬ್ಬರು ಬಾಟಲಿಯಿಂದ ಶಾಯಿ ತುಂಬಿಸುವ ಇಂಕ್ ಟ್ಯಾಂಕ್ ಎನ್ನುತ್ತಾರೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಮನೆಯಲ್ಲಿ 850 ವಿಎ ಇನ್ವರ್ಟರ್ ಇದೆ. ಇದನ್ನೆಲ್ಲ ಲೆಕ್ಕಕ್ಕೆ ಹಿಡಿದು ಯಾವುದು ಒಳ್ಳೆಯದೆಂದು ತಿಳಿದವರು ಹೇಳಬೇಕು.

ಉತ್ತರ: ಪ್ರಿಂಟರ್ ದುರಸ್ತಿಯವನು, ಹುಬ್ಬಳ್ಳಿ

ಮೇಡಂ, ಯಂತ್ರದ ಬೆಲೆಯನ್ನು ಕಡೆಗೆ ನೋಡಿ. ನಿಮ್ಮದು ವರ್ಷಕ್ಕೆ 20,000 ಪುಟ. ಪುಟಕ್ಕೆ ಐವತ್ತು ಪೈಸೆ ಹೆಚ್ಚು ಕಡಿಮೆಯಾದರೂ ವರ್ಷಕ್ಕೆ ಹತ್ತು ಸಾವಿರ ರೂಪಾಯಿ ಆಚೀಚೆಯಾಗುತ್ತದೆ. ಅಷ್ಟು ದುಡ್ಡಿನಲ್ಲಿ ಇನ್ನೊಂದು ಯಂತ್ರವೇ ಬರುತ್ತದೆ.

ನಾನು ಲೇಸರ್ ಪಕ್ಷದವನು. ಎಚ್‌ಪಿ 1020, ಕ್ಯಾನನ್ ಎಲ್‌ಬಿಪಿ2900 ಹಳೆಯ ಮಾದರಿಗಳಾದರೂ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ದುಡಿಯುತ್ತಿರುವುದಕ್ಕೆ ಕಾರಣವಿದೆ. ಒಳಗಿನ ರಚನೆ ಸರಳ, ಬಿಡಿಭಾಗ ಸಿಗುತ್ತದೆ, ಪುಡಿಯನ್ನು ಕಾಗದಕ್ಕೆ ದಾಟಿಸುವ ಡ್ರಮ್ ಕೂಡ ಕಾರ್ಟ್ರಿಜ್‌ನ ಒಳಗೇ ಇರುತ್ತದೆ, ಪುಡಿ ತುಂಬಿಸುವವರು ಊರೂರಿಗೂ ಇದ್ದಾರೆ. ಆದರೆ ಒಂದು ಕಾರ್ಟ್ರಿಜ್ 2000 ಪುಟಕ್ಕೆ ಮುಗಿಯುತ್ತದೆ, ಅಂದರೆ ನಿಮಗೆ ಪ್ರತಿ ತಿಂಗಳೂ ರೀಫಿಲ್. ಎರಡು ಬದಿಗೆ ಮುದ್ರಿಸಬೇಕಾದರೆ ಹಾಳೆಯನ್ನು ಕೈಯಿಂದಲೇ ತಿರುವಿ ಹಾಕಬೇಕು.

ಹೊಸದರಲ್ಲಿ ಬ್ರದರ್ ಎಚ್‌ಎಲ್-ಎಲ್2321ಡಿ ಎರಡೂ ಬದಿಯನ್ನು ತಾನೇ ಮುದ್ರಿಸುತ್ತದೆ. ಅದರ ಟೋನರ್, ಅಂದರೆ ಪುಡಿಯ ಕಾರ್ಟ್ರಿಜ್, 2600 ಪುಟದ್ದು. ಡ್ರಮ್ ಬೇರೆಯೇ ಬರುತ್ತದೆ, ಕಂಪನಿ ಅದಕ್ಕೆ 12,000 ಪುಟದ ಆಯುಷ್ಯ ಹೇಳುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ಬರೀ ಆರು ತಿಂಗಳು. ಕೊಳ್ಳುವಾಗ ಈ ಡ್ರಮ್ಮಿನ ಮಾತನ್ನು ಯಾರೂ ಎತ್ತುವುದಿಲ್ಲ, ಆಮೇಲೆ ಗಿರಾಕಿಗಳು ಬಂದು ನನ್ನ ಮೇಲೆ ರೇಗುತ್ತಾರೆ! ಸಮಾಧಾನದ ಮಾತೆಂದರೆ ಆ ಅಂಕಿ ಒಮ್ಮೆಗೆ ಒಂದೇ ಪುಟ ಮುದ್ರಿಸುವ ಲೆಕ್ಕದ್ದು. ಪ್ರತಿ ಸಲ ಶುರುವಾಗುವಾಗಲೂ ನಿಲ್ಲುವಾಗಲೂ ಡ್ರಮ್ ಸುಮ್ಮನೆ ಕೆಲವು ಸುತ್ತು ತಿರುಗುತ್ತದೆ. ನಲವತ್ತು ಪ್ರತಿಯನ್ನು ಒಟ್ಟಿಗೆ ಕೊಟ್ಟರೆ ಅಷ್ಟರಮಟ್ಟಿಗೆ ಸವೆತ ಉಳಿಯುತ್ತದೆ.

ಡಬ್ಬಿಯ ಮೇಲಿನ ಪುಟಗಳ ಅಂಕಿಯನ್ನೂ ಪೂರ್ತಿ ನಂಬಬೇಡಿ. ಅದು ಹಾಳೆಯ ಶೇಕಡಾ 5ರಷ್ಟು ಜಾಗ ಮಾತ್ರ ಕಪ್ಪಾಗುತ್ತದೆಂಬ ಲೆಕ್ಕ. ಒತ್ತಕ್ಷರ ತುಂಬಿದ ಕನ್ನಡ ಪುಟ, ಅದರಲ್ಲೂ ಅಂಚಿನಿಂದ ಅಂಚಿಗೆ ಒತ್ತೊತ್ತಾಗಿ ಜೋಡಿಸಿದ ಪ್ರಶ್ನೆಪತ್ರಿಕೆ, ನನ್ನ ಅನುಭವದಲ್ಲಿ ಅದನ್ನು ದಾಟುತ್ತದೆ.

ಉತ್ತರ: ಮನೆಯಿಂದಲೇ ಅನುವಾದ ಮಾಡುವವನು, ಉಡುಪಿ

ಹುಬ್ಬಳ್ಳಿಯವರು ಲೇಸರ್‌ನ ಬಗ್ಗೆ ಹೇಳಿದ್ದೆಲ್ಲ ನಿಜ, ಆದರೆ ಕರೆಂಟಿನ ಪ್ರಶ್ನೆಯನ್ನು ಮರೆತರು. ಲೇಸರ್ ಯಂತ್ರವು ಪುಡಿಯನ್ನು ಬಿಸಿ ಉರುಳೆಯಿಂದ ಕರಗಿಸಿ ಕಾಗದಕ್ಕೆ ಅಂಟಿಸುತ್ತದೆ. ಆ ಉರುಳೆ ಕಾಯುವ ಕ್ಷಣದಲ್ಲಿ ಎಷ್ಟೋ ಮಾದರಿಗಳು ಸಾವಿರ ವಾಟ್‌ನ ಆಸುಪಾಸು ಎಳೆಯುತ್ತವೆ. 850 ವಿಎ ಇನ್ವರ್ಟರ್ ಅದಕ್ಕೆ ತಡೆಯದು. ಮನೆಯ ದೀಪಗಳು ಒಮ್ಮೆ ಮಂಕಾಗಿ ಇನ್ವರ್ಟರ್ ಕೂಗಿಕೊಂಡದ್ದನ್ನು ನಾನೇ ನೋಡಿದ್ದೇನೆ. ಇಂಕ್ ಟ್ಯಾಂಕ್ ಯಂತ್ರಕ್ಕೆ ಮುದ್ರಿಸುವಾಗಲೂ ಒಂದು ಎಲ್‌ಇಡಿ ಬಲ್ಬಿನಷ್ಟು ವಿದ್ಯುತ್ ಸಾಕು.

ನಾನು ನಾಲ್ಕು ವರ್ಷದಿಂದ ಎಪ್ಸನ್ ಎಂ1120 ಬಳಸುತ್ತಿದ್ದೇನೆ. ಕಪ್ಪು ಶಾಯಿ ಮಾತ್ರ, ಬಣ್ಣದ ಗೊಡವೆಯಿಲ್ಲ. ದೊಡ್ಡ ಶಾಯಿ ಬಾಟಲಿಗೆ ಕಂಪನಿ 6000 ಪುಟ ಹೇಳುತ್ತದೆ. ಹಾಗೆ ನೋಡಿದರೆ ನಿಮಗೆ ವರ್ಷಕ್ಕೆ ಮೂರೂವರೆ ಬಾಟಲಿ ಆಗಬಹುದು. ಬಾಟಲಿಗೆ ಸಾವಿರ ರೂಪಾಯಿಯೆಂದು ಹಿಡಿದರೂ ಪುಟಕ್ಕೆ ಹದಿನೇಳು ಪೈಸೆ ಮೀರುವುದಿಲ್ಲ. ಶಾಯಿ ಪಿಗ್ಮೆಂಟ್ ಜಾತಿಯದು, ಒಣಗಿದ ಮೇಲೆ ನೀರಿನ ಹನಿಗೆ ಸುಲಭವಾಗಿ ಹರಡುವುದಿಲ್ಲ.

ನಿಮ್ಮ ಏಪ್ರಿಲ್, ಮೇ ತಿಂಗಳ ಬಿಡುವೇ ಇದಕ್ಕೆ ಕಂಟಕ. ಎರಡು ತಿಂಗಳು ಸುಮ್ಮನಿಟ್ಟರೆ ಶಾಯಿ ಚಿಮ್ಮಿಸುವ ತಲೆಯ ರಂಧ್ರಗಳಲ್ಲಿ ಶಾಯಿ ಗಟ್ಟಿಯಾಗಬಹುದು. ಆದ್ದರಿಂದ ರಜೆಯಲ್ಲೂ ವಾರಕ್ಕೊಂದು ಹಾಳೆ ಮುದ್ರಿಸಲೇಬೇಕು. ಇನ್ನು, ಯಂತ್ರವನ್ನು ಗೋಡೆಯ ಸ್ವಿಚ್ಚಿನಿಂದ ಆರಿಸಬೇಡಿ. ಅದರದೇ ಗುಂಡಿ ಒತ್ತಿದರೆ ತಲೆ ತನ್ನ ಜಾಗಕ್ಕೆ ಹೋಗಿ ಮುಚ್ಚಳದ ಮೇಲೆ ಕೂರುತ್ತದೆ. ಗೋಡೆಯಿಂದ ಆರಿಸಿದರೆ ನಡುದಾರಿಯಲ್ಲಿ ಬಾಯಿ ತೆರೆದುಕೊಂಡು ನಿಂತಿರುತ್ತದೆ.

ಉತ್ತರ: ಓದುಗ, ದಾವಣಗೆರೆ

ಅಷ್ಟೂ ಪ್ರತಿ ಒಂದೇ ಹಾಳೆಯದಾದರೆ ಪ್ರಿಂಟರ್ ಯಾಕೆ ಬೇಕು? ಒಂದು ಪ್ರತಿ ಮುದ್ರಿಸಿ ಝೆರಾಕ್ಸ್ ಅಂಗಡಿಗೆ ಕೊಟ್ಟರೆ ಸಗಟು ದರದಲ್ಲಿ ಮಾಡಿಕೊಡುತ್ತಾರೆ.

ಪ್ರಶ್ನೆ ಕೇಳಿದವರು, ಶಿರಸಿ

ಎಲ್ಲರಿಗೂ ಧನ್ಯವಾದ. ದಾವಣಗೆರೆಯವರ ಮಾತು ನನಗೂ ಹೊಳೆದಿತ್ತು, ಮಾಡಿಯೂ ನೋಡಿದ್ದೆ. ಆದರೆ ನಮ್ಮ ರಸ್ತೆಯ ಝೆರಾಕ್ಸ್ ಅಂಗಡಿಯ ಮುಂದೆ ಸಂಜೆ ಹೊತ್ತಿಗೆ ನಿಂತಿರುವವರು ನನ್ನ ವಿದ್ಯಾರ್ಥಿಗಳೇ. ಆ ವಾರ ಇಡೀ ತರಗತಿಗೆ ಇಪ್ಪತ್ತಕ್ಕೆ ಇಪ್ಪತ್ತು ಅಂಕ ಬಂದಿತ್ತು.

ಡ್ರಮ್ಮಿನ ಲೆಕ್ಕವನ್ನೂ ಇನ್ವರ್ಟರಿನ ಲೆಕ್ಕವನ್ನೂ ನೋಡಿದ ಮೇಲೆ ಮನಸ್ಸು ಇಂಕ್ ಟ್ಯಾಂಕ್ ಕಡೆಗೆ ವಾಲುತ್ತಿದೆ. ವಾರಕ್ಕೊಂದು ಹಾಳೆಯ ವ್ರತ ನನ್ನಿಂದ ಸಾಧ್ಯ. ಕನ್ನಡದ ಸಣ್ಣ ಅಕ್ಷರ ಹೇಗೆ ಮೂಡುತ್ತದೆ ಎಂಬುದೊಂದೇ ಅನುಮಾನ.

ಉತ್ತರ: ಪ್ರಿಂಟರ್ ದುರಸ್ತಿಯವನು, ಹುಬ್ಬಳ್ಳಿ

ಇನ್ವರ್ಟರಿನ ವಿಷಯ ಒಪ್ಪಿದೆ; ನಮ್ಮ ಅಂಗಡಿಯಲ್ಲಿ ಜನರೇಟರ್ ಇರುವುದರಿಂದ ಅದು ನನ್ನ ತಲೆಗೆ ಬರಲಿಲ್ಲ. ಅಕ್ಷರದ ವಿಷಯದಲ್ಲಿ ಮಾತ್ರ ಲೇಸರ್ ಒಂದು ಕೈ ಮೇಲು. ಇಂಕ್ ಟ್ಯಾಂಕ್‌ನಲ್ಲಿ ಶಾಯಿ ಉಳಿಸಲು ಡ್ರಾಫ್ಟ್ ಗುಣಮಟ್ಟ ಇಟ್ಟರೆ ಒಂಬತ್ತು ಪಾಯಿಂಟಿನ ಒತ್ತಕ್ಷರಗಳ ಹೊಟ್ಟೆ ಮಸುಕಾಗುತ್ತದೆ. ಅಂಗಡಿಗೆ ನಿಮ್ಮದೇ ಒಂದು ಪ್ರಶ್ನೆಪತ್ರಿಕೆಯ ಕಡತವನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ, ಸಾಧಾರಣ ಗುಣಮಟ್ಟದಲ್ಲೇ ಮುದ್ರಿಸಿ ತೋರಿಸಲು ಹೇಳಿ, ಹತ್ತು ನಿಮಿಷ ಬಿಟ್ಟು ಅದರ ಮೇಲೆ ಒದ್ದೆ ಬೆರಳು ಎಳೆದು ನೋಡಿ.

ಮಾದರಿ ಆರಿಸುವಾಗ ಒಂದು ಮಾತು. ಎಂ1120ರಲ್ಲಿ ಕಾಗದ ಹಿಂದುಗಡೆ ತೆರೆದೇ ಇರುತ್ತದೆ. ಆಷಾಢದ ಶಿರಸಿಯಲ್ಲಿ ಹಾಗೆ ರಾತ್ರಿಯಿಡೀ ಬಿಟ್ಟ ಹಾಳೆ ಬೆಳಗ್ಗೆ ಹಪ್ಪಳದಂತೆ ಸೊಟ್ಟಗಾಗಿ, ಎರಡೆರಡು ಒಟ್ಟಿಗೆ ಒಳಹೋಗುತ್ತವೆ. ಅದೇ ಕಂಪನಿಯ ಎಂ1140ರಲ್ಲಿ ಕಾಗದ ಕೆಳಗಿನ ಟ್ರೇಯೊಳಗೆ ಕೂರುತ್ತದೆ, ಎರಡೂ ಬದಿ ತಾನೇ ಮುದ್ರಿಸುತ್ತದೆ. ಬೆಲೆ ಹೆಚ್ಚಾದರೂ ಅರ್ಧಕ್ಕರ್ಧ ಕಾಗದ ಉಳಿಯುವುದರಿಂದ ಹೆಚ್ಚಿಗೆ ಕೊಟ್ಟದ್ದು ಬೇಗ ವಾಪಸು ಬರುತ್ತದೆ. ಉಳಿದ ಕಾಗದದ ಕಟ್ಟುಗಳನ್ನು ಬಿಚ್ಚದೆ ಟ್ರಂಕಿನಲ್ಲಿಡಿ.