ಅಪ್‌ಡೇಟ್: ಸೀರಿಯಲ್ ಪರದೆಯ ಗೀಚು ಹೋಯಿತು, ನಟ್‌ಎಕ್ಸ್ ಓಡುತ್ತಿದೆ

ಎಸ್‌ಟಿಎಂ32ಎಫ್103 ಚಿಪ್ಪಿನ ಅಗ್ಗದ ಬೋರ್ಡಿಗೆ ನಟ್‌ಎಕ್ಸ್ (ಪುಟ್ಟ ಸಾಧನಗಳ ಮುಕ್ತ ಕಾರ್ಯಾಚರಣಾ ವ್ಯವಸ್ಥೆ) ಪೋರ್ಟ್ ಮಾಡುವಾಗ, ಅಂದರೆ ಹೊಂದಿಸುವಾಗ, ಸೀರಿಯಲ್‌ನಲ್ಲಿ (ಬೋರ್ಡಿನ ಸಂದೇಶಗಳನ್ನು ಕಂಪ್ಯೂಟರಿಗೆ ತರುವ ಸಂಪರ್ಕ) ಅಕ್ಷರಗಳ ಬದಲು ಬರೀ ಗೀಚು ಬರುತ್ತಿದೆ ಎಂದು ದಾವಣಗೆರೆಯಿಂದ ಕೇಳಿದ್ದವನು ನಾನೇ.

ಕೇಬಲ್ ಬದಲಿಸಿ ಎಂದವರ ಮಾತು ಕೇಳಿ ಮಂಡಿಪೇಟೆಯಲ್ಲಿ ಹೊಸದು ಕೊಂಡೆ; ಗೀಚು ಹಾಗೆಯೇ ಇತ್ತು. ಕೇಬಲ್ ಮಾತ್ರ ಚೆನ್ನಾಗಿದೆ. ಕಂಪೈಲರ್ ಬದಲಿಸಿದರೂ ಅಷ್ಟೇ.

ಕೆಲಸಕ್ಕೆ ಬಂದದ್ದು, ‘ಕ್ರಿಸ್ಟಲ್ ಮೇಲೆ ಏನು ಬರೆದಿದೆ ನೋಡಿ’ ಎಂದವರ ಸಲಹೆ; ಕ್ರಿಸ್ಟಲ್ ಎಂದರೆ ಚಿಪ್ಪಿಗೆ ಗಡಿಯಾರದ ಮಿಡಿತ ಕೊಡುವ ಬಿಡಿಭಾಗ. ಸಂರಚನೆಯಲ್ಲಿ 8 ಮೆಗಾಹರ್ಟ್ಸ್, ಬೋರ್ಡಿನ ಮೇಲೆ 12! ಆ ಮಿಡಿತವನ್ನು ಹೆಚ್ಚಿಸುವ ಗುಣಕ 9 ಆಗಿದ್ದರಿಂದ 72ರ ಮಿತಿಯ ಚಿಪ್ಪು 108 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು, ಪುಣ್ಯಕ್ಕೆ ಸುಡಲಿಲ್ಲ. ಸೀರಿಯಲ್ ವೇಗವೂ ಅದೇ ಒಂದೂವರೆ ಪಟ್ಟು ಏರಿತ್ತು: ಟರ್ಮಿನಲ್ಲನ್ನು (ಸಂದೇಶ ತೋರಿಸುವ ಕಂಪ್ಯೂಟರ್ ಕಿಟಕಿ) ಸೆಕೆಂಡಿಗೆ 115200 ಬಿಟ್‌ಗಳ ಬದಲು 172800ಕ್ಕೆ ಇಟ್ಟಾಗ ಅಕ್ಷರಗಳು ಸ್ಪಷ್ಟವಾಗಿ ಮೂಡಿದ್ದೇ ಸಾಕ್ಷಿ. ಕ್ರಿಸ್ಟಲ್ ಮೌಲ್ಯವನ್ನು 12, ಗುಣಕವನ್ನು 6 ಮಾಡಿದೆ. ಈಗ 115200ರಲ್ಲೇ ಸರಿಯಾಗಿದೆ.

ಪೋರ್ಟನ್ನು ಅಪಾಚೆ 2.0 ಪರವಾನಗಿಯಡಿ ಹಂಚುತ್ತಿದ್ದೇನೆ. ಲಿನಕ್ಸ್‌ನಿಂದ ಡ್ರೈವರ್ ಎತ್ತಿಕೊಳ್ಳುವ ಸಲಹೆಯನ್ನು ಬಿಟ್ಟೆ, ಅದರದ್ದು ಜಿಪಿಎಲ್ ಪರವಾನಗಿ; ಆ ಕೋಡ್ ಸೇರಿಸಿದರೆ ಪೋರ್ಟನ್ನು ಅಪಾಚೆಯಡಿ ಮಾತ್ರ ಹಂಚಲಾಗದು.