ಪದಚರ್ಚೆ: ಬೆಟ್ಟದ ಮೇಲಿನ ‘ಫೈರ್ ಟವರ್’ಗೆ ಅಟ್ಟಣೆ ಅನ್ನಬಹುದೇ?

ಗೆಳೆಯರೇ,

ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಬೆಟ್ಟಗಳಲ್ಲಿ ಟ್ರೇಲ್ ರನ್ನಿಂಗ್ ಮಾಡುವ ಕನ್ನಡದವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕಾಡಿನ ಕಾಲುದಾರಿಯಲ್ಲಿ ಓಡಿ, ಬೆಟ್ಟದ ನೆತ್ತಿಯಲ್ಲಿ ಕಾಳ್ಗಿಚ್ಚು ಕಾಯಲು ಕಟ್ಟಿದ್ದ ಫೈರ್ ಟವರ್ ಹತ್ತಿ ಇಳಿಯುವ ಓಟಗಳ ಬಗ್ಗೆ. ಓಟಕ್ಕೆ ‘ಕಾಡುದಾರಿ ಓಟ’ ಎಂದು ಬರೆದುಕೊಂಡೆ, ಅದು ಒಗ್ಗಿತು. ಟವರ್ ಮಾತ್ರ ಒಗ್ಗುತ್ತಿಲ್ಲ.

‘ಬೆಂಕಿ ಗೋಪುರ’ ಅಂದರೆ ಗೋಪುರಕ್ಕೇ ಬೆಂಕಿ ಬಿದ್ದಂತೆ ಕೇಳುತ್ತದೆ. ಗೋಪುರ ಅಂದಕೂಡಲೇ ನಮಗೆ ದೇವಸ್ಥಾನ ಕಣ್ಮುಂದೆ ಬರುತ್ತದೆ, ಅಲ್ವಾ? ಬಂಡೀಪುರ, ನಾಗರಹೊಳೆ ಕಡೆ ‘ವಾಚ್ ಟವರ್’ ಅನ್ನುತ್ತಾರೆ. ಅದರ ಕನ್ನಡ ‘ಕಾವಲು ಗೋಪುರ’ ಪತ್ರಿಕೆಗಳಲ್ಲಿ ಇದೆ. ಆದರೆ ಯಾವುದರ ಕಾವಲು ಅನ್ನೋದು ಅದರಲ್ಲಿಲ್ಲ. ಈ ಟವರುಗಳು ಹುಟ್ಟಿದ್ದೇ ಬೆಂಕಿಯಿಂದ. 1903 ಮತ್ತು 1908ರಲ್ಲಿ ಉತ್ತರದ ಅಡಿರಾಂಡಾಕ್ ಬೆಟ್ಟಗಳಲ್ಲಿ ಲಕ್ಷಗಟ್ಟಲೆ ಎಕರೆ ಕಾಡು ಸುಟ್ಟುಹೋಯಿತು. ಆಮೇಲೆ, 1909ರಿಂದ, ರಾಜ್ಯ ಸರ್ಕಾರ ಬೆಟ್ಟಗಳ ಮೇಲೆ ಕಾವಲುಗಾರರನ್ನು ಕೂರಿಸಿತು. ಮೊದಲು ಮರದ ಟವರು. ಆಮೇಲೆ ಉಕ್ಕಿನದು, ಗಾಳಿಯಂತ್ರ ಮಾಡುತ್ತಿದ್ದ ಷಿಕಾಗೋದ ಏರ್‌ಮೋಟರ್ ಕಂಪನಿಯದು.

ಅದರ ಆಕಾರ ನೋಡಿ. ನಾಲ್ಕು ಉದ್ದ ಕಾಲು, ನಡುವೆ ತಿರುಗುತ್ತಾ ಏರುವ ಮೆಟ್ಟಿಲು, ತುದಿಯಲ್ಲಿ ಸುತ್ತಲೂ ಕಿಟಕಿ ಇರುವ ಪುಟ್ಟ ಕೋಣೆ. ಒಳಗೆ ಮೇಜಿನ ಮೇಲೆ ಸುತ್ತಲಿನ ನಕ್ಷೆ, ಅದರ ಮೇಲೆ ಗುರಿ ಹಿಡಿಯುವ ಪಟ್ಟಿ. ಹೊಗೆ ಕಂಡ ದಿಕ್ಕನ್ನು ಕಾವಲುಗಾರ ಫೋನಿನಲ್ಲಿ ಹೇಳುತ್ತಿದ್ದ. ಇನ್ನೊಂದು ಬೆಟ್ಟದವನೂ ತನ್ನ ದಿಕ್ಕು ಹೇಳಿದರೆ, ಎರಡು ಗೆರೆ ಕೂಡುವ ಕಡೆ ಬೆಂಕಿ. ಕ್ಯಾಟ್ಸ್‌ಕಿಲ್‌ನ ಹಂಟರ್ ಬೆಟ್ಟದ ಎತ್ತರ 4,040 ಅಡಿ, ಅದರ ಮೇಲೆ 60 ಅಡಿಯ ಟವರು. ಎಷ್ಟು ದೂರ ಕಂಡೀತು ಯೋಚಿಸಿ! ವಿಮಾನಗಳು ಬಂದಮೇಲೆ ಈ ಕೆಲಸ ಕಡಿಮೆಯಾಗುತ್ತಾ ಬಂದು, 1990ರ ಹೊತ್ತಿಗೆ ನಿಂತೇಹೋಯಿತು. ಆಮೇಲೆ ಸ್ವಯಂಸೇವಕರು ಕೈಹಾಕಿದ್ದರಿಂದ ಹಲವು ಟವರು ಉಳಿದುಕೊಂಡವು.

ಹಂದಿ, ಆನೆ ಬರದಂತೆ ಹೊಲ ಕಾಯಲು ನಮ್ಮ ರೈತರು ಕಟ್ಟುವ ಅಟ್ಟಣೆಗೂ ಇದೇ ಆಕಾರ, ಇದೇ ಕೆಲಸ. ಮಲೆನಾಡಿನಲ್ಲಿ ಅದಕ್ಕೆ ‘ಮಾಳ’ ಅನ್ನುವುದೂ ಉಂಟು. ಹಾಗಾಗಿ ನನ್ನ ಮನಸ್ಸು ‘ಕಿಚ್ಚುಗಾವಲು ಅಟ್ಟಣೆ’ ಕಡೆಗೆ ವಾಲಿದೆ. ಕಾಳ್ಗಿಚ್ಚು ಎಲ್ಲರಿಗೂ ಗೊತ್ತಿರುವ ಪದ, ‘ಕಿಚ್ಚು’ ಅನ್ನುವುದನ್ನು ಅಲ್ಲಿಂದಲೇ ತೆಗೆದುಕೊಂಡೆ. ಕೋಟೆಯ ‘ಬತ್ತೇರಿ’ಯನ್ನೂ ಯೋಚಿಸಿದೆ. ಅದು ಕಲ್ಲಿನ ಕಟ್ಟಡ, ಫಿರಂಗಿಯ ಜಾಗ, ಹೊಂದುವುದಿಲ್ಲ.

ಇನ್ನೊಂದು ಪ್ರಶ್ನೆ ಕಾಲದ್ದು. ಅಲ್ಲಿನ ‘ಫಾಲ್’ಗೆ ಶರತ್ಕಾಲ ಅನ್ನುವುದು ರೂಢಿ. ತಿಂಗಳ ಲೆಕ್ಕಕ್ಕೆ ಸರಿ, ಆಶ್ವಯುಜ ಕಾರ್ತಿಕಗಳು ಅಲ್ಲೇ ಬೀಳುತ್ತವೆ. ಆದರೆ ನಮ್ಮ ಶರತ್ಕಾಲ ಅಂದರೆ ಮಳೆ ಮುಗಿದು ಹಸಿರು ತುಂಬಿದ ಕಾಡು, ತಿಳಿ ಆಕಾಶ. ನಮ್ಮಲ್ಲಿ ಎಲೆ ಉದುರುವುದು, ಕಾಡಿಗೆ ಬೆಂಕಿ ಬೀಳುವುದು ಶಿಶಿರದಿಂದ ಆಚೆಗೆ. ಅಲ್ಲಿ ಅಕ್ಟೋಬರಿನಲ್ಲೇ ಮೇಪಲ್ ಕೆಂಪಾಗಿ ದಾರಿ ತುಂಬಾ ಎಲೆ. ಓಡುವವರಿಗೆ ಇದು ಸುಮ್ನೆ ಅಂದದ ಮಾತಲ್ಲ. ಎಲೆಯಡಿಯ ಬೇರು, ಕಲ್ಲು ಕಾಣದೆ ಕಾಲು ಉಳುಕುತ್ತದೆ, ಇಳಿಜಾರಿನಲ್ಲಂತೂ ಜಾಸ್ತಿ. ಮಳೆ ಕೈಕೊಟ್ಟ ವರ್ಷ ಆ ಎಲೆಯೇ ಬೆಂಕಿಗೆ ಮೇವು. 2024ರ ನವೆಂಬರಿನಲ್ಲಿ ನ್ಯೂಯಾರ್ಕ್, ನ್ಯೂಜೆರ್ಸಿ ಗಡಿಯ ಕಾಡು ದಿನಗಟ್ಟಲೆ ಉರಿಯಿತು. ‘ಶರತ್ಕಾಲದಲ್ಲಿ ಬೆಂಕಿಯ ಎಚ್ಚರ ಇರಲಿ’ ಅಂತ ಬರೆದರೆ ನಮ್ಮ ಓದುಗರಿಗೆ ಅದು ನಾಟುತ್ತದೆಯೇ ಎಂಬುದೇ ನನ್ನ ಚಿಂತೆ. ‘ಎಲೆಯುದುರುವ ಕಾಲ’ ಅಂತಲೇ ಬರೆಯೋಣ ಅನ್ನಿಸುತ್ತದೆ.

ಮಲೆನಾಡಿನವರು, ಅರಣ್ಯ ಇಲಾಖೆಯಲ್ಲಿ ಇರುವವರು ದಯವಿಟ್ಟು ಹೇಳಿ: ಉಕ್ಕಿನ ಕಟ್ಟಡಕ್ಕೆ ‘ಅಟ್ಟಣೆ’ ಅಂದರೆ ನಿಮ್ಮ ಕಿವಿಗೆ ಒಪ್ಪುತ್ತದೆಯೇ? ಬೆಂಕಿ ಕಾಯುವ ಜಾಗಕ್ಕೆ ನಿಮ್ಮ ಕಡೆ ಬೇರೆ ಪದವೇ ಇದ್ದರೆ ಅದನ್ನೇ ಬಳಸುತ್ತೇನೆ.