4,000 ರೂಪಾಯಿ, ಭಾಗ್ಯತ್ತಿಗೆ ಮತ್ತು ಪೌತಿ ಖಾತೆ

(ಮಂಡ್ಯ ಕಡೆಯ ಒಂದು ಬಳಗದ ವಾಟ್ಸಾಪ್ ಗುಂಪು. ಭಾನುವಾರ.)

ಮಂಜು, ಬೆಳಿಗ್ಗೆ 6:14
[ಹಲವು ಬಾರಿ ಫಾರ್ವರ್ಡ್ ಆಗಿದೆ] ಎಲ್ಲಾ ಗುಂಪುಗಳಿಗೂ ಕಳಿಸಿ 🙏🙏 2020ರ ಮಾರ್ಚ್ ನಂತರ ತಂದೆ ತೀರಿಕೊಂಡ ಬಿಪಿಎಲ್ ಕುಟುಂಬದ ಮಕ್ಕಳಿಗೆ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 4,000 ರೂ. ಫಾರಂ ತಾಲ್ಲೂಕು ಕೋರ್ಟಿನಲ್ಲಿ ಸಿಗುತ್ತದೆ. ಕೊನೆ ದಿನ ಇದೇ 31.

ದೊಡ್ಡಪ್ಪ, 6:31
ಬಿಟ್ಟಿ ಕೊಟ್ಟು ಕೊಟ್ಟು ಜನಾನ ಹಾಳು ಮಾಡವ್ರೆ. ಮೊದ್ಲೆಲ್ಲ ಮನೇಲಿ ಒಬ್ಬ ಹೋದ್ರೆ ಉಳಿದೋರು ಮಕ್ಕಳ ಸಾಕೋರು. ಸರ್ಕಾರ ಬತ್ತಿತ್ತಾ?

ಲೋಕಿ, 6:40
ಹೌದು ದೊಡ್ಡಪ್ಪ. ಹಳೇ ಮನೆ ಪಡಸಾಲೇಲಿ ಹದಿನೈದು ಮಕ್ಕಳು ಸಾಲಾಗಿ ಕೂತು ಮುದ್ದೆ ಉಪ್ಸಾರು ಉಣ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದಂಗಿದೆ. ಆ ಪಡಸಾಲೆ ಫೋಟೋ ಯಾರ ಹತ್ರಾನಾದ್ರೂ ಇದ್ಯಾ?

ಸುಮ, 7:02
ಮಂಜಣ್ಣ, ಇದು ಎಲ್ಲಿಂದ ಬಂತು? ಆದೇಶದ ನಂಬರ್ ಇದ್ಯಾ?

ಮಂಜು, 7:03
ಡೈರಿ ಗುಂಪಲ್ಲಿ ಬಂತು. ನೀನು ಎಲ್ಲದಕ್ಕೂ ಪ್ರೂಫ್ ಕೇಳ್ತೀಯ.

ಸುಮ, 7:05
ಕೇಳಲೇಬೇಕಣ್ಣ. ಹೋದ ವರ್ಷ ನೀನು ಹಾಕಿದ ರೇಷನ್ ಕಾರ್ಡ್ ಮೆಸೇಜ್ ನಂಬಿ ಪುಟ್ಟಮ್ಮತ್ತೆ ಏಜೆಂಟ್ ಕೈಗೆ 1,500 ಕೊಟ್ಟು ಬಂದ್ರು.

ಮಂಜು, 7:06
ಅದನ್ನ ಇನ್ನೂ ಎಷ್ಟು ದಿನ ಎತ್ತಾಡ್ತೀಯ?

ಪುಟ್ಟಮ್ಮತ್ತೆ, 7:15
ಅದು ಓದ್ರೆ ಓಗ್ಲಿ ಬುಡಿ. ಮಹದೇವ ತೀರ್ಕಂಡ್ಮೇಲೆ ಮಗ ಚಂದುನ ಸಾಕ್ತಾವ್ಳಲ್ಲ ನಮ್ಮ ಭಾಗ್ಯ, ಅವ್ಳಿಗೆ ಇದು ಬತ್ತದಾ, ಅದು ಹೇಳಿ.

ಸುಮ, 7:38
ಬರಬಹುದು ಅತ್ತೆ. ಆದ್ರೆ ಈ ಮೆಸೇಜ್ ನಂಬ್ಕೊಂಡು ಹೋದ್ರೆ ಬರಲ್ಲ. ಎಲ್ಲರೂ ದಯವಿಟ್ಟು ಪೂರ್ತಿ ಓದಿ.

ಇದ್ರಲ್ಲಿ ಬೇರೆ ಬೇರೆ ಯೋಜನೆ ಕಲಸಿ ಒಂದೇ ಉಂಡೆ ಕಟ್ಟಿದ್ದಾರೆ. ಬಾಲ ಸೇವಾ 2021ರಲ್ಲಿ ನಮ್ಮ ರಾಜ್ಯ ತಂದಿದ್ದು, ಕೋವಿಡ್‌ನಲ್ಲಿ ಅಪ್ಪ ಅಮ್ಮನ್ನ ಕಳ್ಕೊಂಡು ಅನಾಥರಾದ ಮಕ್ಕಳಿಗೆ, ತಿಂಗಳಿಗೆ 3,500. ಪಿಎಂ ಕೇರ್ಸ್‌ದೂ ಅಂಥ ಮಕ್ಕಳಿಗೇ, 23 ತುಂಬಿದಾಗ 10 ಲಕ್ಷ. 4,000 ಇರೋದು ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ, ಅಂದ್ರೆ ಮಗುವನ್ನ ಮನೇಲೇ ಸಾಕೋಕೆ ಕೊಡೋ ತಿಂಗಳ ನೆರವಲ್ಲಿ. ಇದಕ್ಕೆ ಕೋವಿಡ್ಡೇ ಆಗಿರಬೇಕಿಲ್ಲ, 2020ರ ಗಡುವೂ ಇಲ್ಲ. ತಾಯಿ ವಿಧವೆ, ವಿಚ್ಛೇದಿತೆ ಅಥವಾ ಮನೆಯವರು ಕೈಬಿಟ್ಟವಳು ಆಗಿದ್ರೂ ಸರಿ, ಅಪ್ಪ ಅಮ್ಮಂಗೆ ಜೀವಕ್ಕೆ ಕುತ್ತು ತರೋ ಕಾಯಿಲೆ ಇದ್ರೂ ಸರಿ, ಅನಾಥ ಮಗು ನೆಂಟರ ಮನೇಲಿ ಬೆಳೀತಿದ್ರೂ ಸರಿ. 18 ತುಂಬೋವರೆಗೆ ಕೊಡ್ತಾರೆ.

ಫಾರಂ ಕೋರ್ಟಲ್ಲಿ ಸಿಗಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ಅಂಗನವಾಡಿ ಟೀಚರನ್ನ ಇಲ್ಲ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಲ್ಲಿ ಕೇಳಿದ್ರೆ ದಾರಿ ತೋರಿಸ್ತಾರೆ. ಮಕ್ಕಳ ಸಹಾಯವಾಣಿ 1098ಕ್ಕೂ ಕೇಳಬಹುದು. ಅರ್ಜಿಗೆ ದುಡ್ಡಿಲ್ಲ, ಏಜೆಂಟ್ ಬೇಡ.

ಮಂಜು, 7:41
ಅಂದ್ರೆ ನಾನು ಹಾಕಿದ್ದು ನಿಜಾನೇ ಆಯ್ತಲ್ಲ!

ಸುಮ, 7:43
4,000 ಅನ್ನೋದೊಂದು ನಿಜ. ಬಿಪಿಎಲ್ ಇದ್ರೆ ಸಾಕು ಅನ್ನೋ ಹಂಗೆ ಹಾಕಿದ್ದಾರಲ್ಲ, ಜನ ಎಡವೋದು ಅಲ್ಲೇ. ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 1,20,000ದವರೆಗೂ ಆಗುತ್ತೆ. ಇದಕ್ಕೆ ಹಳ್ಳೀಲಿ 72,000, ಪಟ್ಟಣದಲ್ಲಿ 96,000. ನಾಡಕಚೇರಿ ಆದಾಯ ಪತ್ರದಲ್ಲಿ 80,000 ಅಂತಿದ್ರೆ ಹಳ್ಳಿಯವರ ಅರ್ಜಿ ಅಲ್ಲಿಗೇ ಮುಗೀತು. ಗಂಡನ ಹೆಸರಲ್ಲಿ ಮಾಡಿಸಿದ ಹಳೇ ಪತ್ರಾನೂ ನಡೆಯಲ್ಲ, ಭಾಗ್ಯತ್ತಿಗೆ ಹೆಸರಲ್ಲಿ ಹೊಸದು ಮಾಡಿಸಬೇಕು.

ಪುಟ್ಟಮ್ಮತ್ತೆ, 7:50
ಗಾರ್ಮೆಂಟ್ಸ್‌ಗೆ ಸೇರ್ಕೊ ಅಂತ ನಾನೇ ಭಾಗ್ಯಂಗೆ ಹೇಳಿದ್ದೆ. ಕೂಲಿ ಎಷ್ಟು ದಿನ ಅಂತ ಮಾಡ್ತಳೆ.

ಸುಮ, 7:54
ತಿಂಗಳಿಗೆ 10,000 ಸಂಬಳ ಬಂದ್ರೆ ವರ್ಷಕ್ಕೆ 1,20,000. ಮಿತಿ ದಾಟ್ತು. 72,000 ಅಂದ್ರೆ ತಿಂಗಳಿಗೆ 6,000 ಕಣತ್ತೆ. ಈ ಮಿತಿ ತೀರಾ ಕಮ್ಮಿ ಆಯ್ತು, ಇದನ್ನ ಏರಿಸಲೇಬೇಕು. ಪಿಎಫ್ ಇರೋ ಕೆಲಸಕ್ಕೆ ಹೋದ ವಿಧವೆಯ ಮಗುಗೆ ಈ ದುಡ್ಡು ಕೈತಪ್ಪಿ ಹೋಗುತ್ತೆ.

ದೊಡ್ಡಪ್ಪ, 8:10
ಅದ್ಕೇ ಹೇಳಿದ್ದು. ಸುಮ್ನೆ ದುಡ್ಡು ಬಂದ್ರೆ ದುಡಿಯೋದು ಬುಡ್ತರೆ. ಹುಡ್ಗನೂ ಸೋಮಾರಿ ಆಯ್ತನೆ. ಹಾಸ್ಟೆಲ್‌ಗೆ ಹಾಕುದ್ರೆ ಶಿಸ್ತಾದ್ರೂ ಬತ್ತದೆ.

ಸುಮ, 8:19
ದೊಡ್ಡಪ್ಪ, ಸುಮ್ನೆ ಕೊಡಲ್ಲ. ಮಗು ಶಾಲೆಗೆ ಹೋಗ್ತಿರಬೇಕು. ಒಂದೇ ಸಮ 30 ದಿನಕ್ಕಿಂತ ಜಾಸ್ತಿ ತಪ್ಪಿಸಿದ್ರೆ ಹಣ ನಿಲ್ಲಿಸ್ತಾರೆ. ಆಲೆಮನೆಗೋ ಕಬ್ಬು ಕಡಿಯೋಕೋ ಮಗು ಹೋಗದಂಗೆ ಇರ್ಲಿ ಅಂತಾನೇ ಈ ದುಡ್ಡು. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಮಗುವನ್ನ ಸಂಸ್ಥೆಗೆ ಸೇರಿಸೋದು ಕೊನೇ ದಾರಿ. ಬಡತನ ಒಂದೇ ಕಾರಣಕ್ಕೆ ಅಮ್ಮನ ಮಡಿಲು ಬಿಡಿಸಬಾರದು. ಚಂದುಗೆ ಈಗ 9. ಮಂಜೂರಾಗಿ 18ರವರೆಗೆ ನಡೆದ್ರೆ ವರ್ಷಕ್ಕೆ 48,000, ಒಟ್ಟು 4,32,000. ಇದು ಅವನ ಪಿಯುಸಿವರೆಗಿನ ಓದು.

ಮಂಜು, 8:25
ಸಾಕೋರು ಸಾಕೋರು ಅಂತೀರಲ್ಲ ದೊಡ್ಡಪ್ಪ, ಮಹದೇವಣ್ಣ ಹೋಗಿ ಎರಡು ವರ್ಷ ಆಯ್ತು. ಗದ್ದೆ ವಿಷಯಕ್ಕೆ ಯಾರು ಕೂತು ಮಾತಾಡಿದ್ರಿ?

ದೊಡ್ಡಪ್ಪ, 8:27
ಏನ್ಲಾ ಮಂಜ, ಗುಂಪಲ್ಲಿ ಗದ್ದೆ ಮಾತಾ? ಅವತ್ತು ಪಂಚಾಯ್ತಿಲಿ ನಿಮ್ಮಪ್ಪ ಏನಂದ ಅಂತ ಕೇಳ್ಕೊ ಮೊದ್ಲು.

ಲೋಕಿ, 8:29
ದಯವಿಟ್ಟು ಜಗಳ ಬೇಡ. ಪಡಸಾಲೆ ಫೋಟೋ ಸಿಕ್ತು, ಹಾಕ್ತೀನಿ.

ಸುಮ, 8:36
ಲೋಕಿ, ಒಂದ್ನಿಮಿಷ. ಈ ಅರ್ಜಿಗೂ ಗದ್ದೆಗೂ ಸಂಬಂಧ ಇದೆ. ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆ. ಆದಾಯ ಪತ್ರಕ್ಕೆ ಗ್ರಾಮ ಲೆಕ್ಕಿಗರು ವಿಚಾರಿಸಿದಾಗ ಇಡೀ ಜಮೀನು ಕಾಣುತ್ತೆ, ಅತ್ತಿಗೆ ಪಾಲು ಎಷ್ಟು ಅಂತ ಕಾಗದದಲ್ಲಿ ಇಲ್ಲ. ಪೌತಿ ಖಾತೆ ಆಗಬೇಕು, ಅಂದ್ರೆ ತೀರಿಕೊಂಡೋರ ಹೆಸರಿಂದ ಜಮೀನು ವಾರಸುದಾರರ ಹೆಸರಿಗೆ ಬರಬೇಕು, ವಂಶವೃಕ್ಷದಲ್ಲಿ ಅತ್ತಿಗೆ, ಚಂದು ಹೆಸರು ಬರಬೇಕು. ಅದಕ್ಕೆ ಬೇಕಾದ ಹೇಳಿಕೆ, ಸಹಿ ನೀವೆಲ್ಲ ಕೊಡಬೇಕು ದೊಡ್ಡಪ್ಪ.

ಅರ್ಜಿ ಕೊಟ್ಟ ಮೇಲೆ ಘಟಕದಿಂದ ಮನೆಗೆ ಬಂದು ಸಾಮಾಜಿಕ ತನಿಖಾ ವರದಿ ಬರೀತಾರೆ. ಮನೆ ಯಾರದ್ದು, ಯಾರು ದುಡೀತಾರೆ, ಮಗು ಎಲ್ಲಿ ಓದುತ್ತೆ, ಎಲ್ಲ ಕೇಳ್ತಾರೆ. ಅವತ್ತು ಮನೇಲಿ ಒಬ್ಬೊಬ್ರು ಒಂದೊಂದು ಹೇಳಬೇಡಿ, ಇರೋದನ್ನ ಇದ್ದಂಗೆ ಹೇಳಿ. ಆಮೇಲೆ ಮಕ್ಕಳ ಕಲ್ಯಾಣ ಸಮಿತಿ, ಅನುಮೋದನಾ ಸಮಿತಿ. ಅನುದಾನ ನೋಡ್ಕೊಂಡು ಮಂಜೂರು ಮಾಡ್ತಾರೆ, ತಡ ಆಗುತ್ತೆ. ಕೊಟ್ಟ ಅರ್ಜಿಗೆ ಸ್ವೀಕೃತಿ ಇಸ್ಕೊಂಡೇ ಬರಬೇಕು.

ಭಾಗ್ಯ, 9:12
ಸುಮ, ಎಲ್ಲ ಓದ್ದೆ. ಚಂದು ಹೆಸ್ರು ಶಾಲೇಲಿ ಚಂದನ್ ಎಂ ಅಂತದೆ, ಆಧಾರಲ್ಲಿ ಚಂದನ್ ಗೌಡ. ಮರಣ ಪತ್ರದಲ್ಲಿ ಅವರಪ್ಪಂದು ಮಾದೇವ ಅಂತ ಬರ್ದವ್ರೆ, ಆಧಾರಲ್ಲಿ ಮಹದೇವ. ಯಾವ್ದು ಮೊದ್ಲು ತಿದ್ದಿಸ್ಲಿ?

ಸುಮ, 9:20
ಅತ್ತಿಗೆ, ಮೊದ್ಲು ಮರಣ ಪತ್ರ. ಅಣ್ಣ ಮೈಸೂರು ಆಸ್ಪತ್ರೇಲಿ ಹೋಗಿದ್ದು, ಹಂಗಾಗಿ ನೋಂದಣಿ ಮೈಸೂರಲ್ಲೇ ಆಗಿರುತ್ತೆ, ಊರ ಪಂಚಾಯ್ತೀಲಿ ತಿದ್ದಲ್ಲ. ಅಣ್ಣನ ಆಧಾರ್, ರೇಷನ್ ಕಾರ್ಡ್ ಜೆರಾಕ್ಸ್ ಕಳಿಸಿ, ಇಲ್ಲಿ ಮೈಸೂರಲ್ಲಿ ನಾನೇ ಹೋಗಿ ಕೇಳ್ತೀನಿ.

ಚಂದುಗೆ ಶಾಲೆ ದಾಖಲೆ ಹಂಗೇ ಇರ್ಲಿ, ಆಧಾರ್ ಅದಕ್ಕೆ ಹೊಂದಿಸೋಣ. 5 ತುಂಬಿದ ಮೇಲೆ ಬೆರಳಚ್ಚು ಕೊಟ್ಟಿದ್ದಾನಾ? ಇಲ್ಲಾಂದ್ರೆ ಅದೂ ಅದೇ ದಿನ ಆಗಲಿ. ಆಮೇಲೆ ಅವನ ಹೆಸರು ನಿಮ್ಮ ಹೆಸರು ಸೇರಿಸಿ ಜಂಟಿ ಖಾತೆ, ಅದಕ್ಕೆ ಆಧಾರ್ ಜೋಡಣೆ. ಪಾಸ್‌ಬುಕ್ ಕೊಟ್ರು ಅಂತ ಎದ್ದು ಬರಬೇಡಿ, ಜೋಡಣೆ ಆಯ್ತಾ ಅಂತ ಕೌಂಟರಲ್ಲಿ ಕೇಳಿ. ಮಂಜೂರಾಗಿಯೂ ದುಡ್ಡು ಬಾರದೆ ಕೂತಿರೋರು ಹೆಚ್ಚಾಗಿ ಇಲ್ಲೇ ಸಿಕ್ಕಾಕ್ಕೊಂಡಿರ್ತಾರೆ.

ಭಾಗ್ಯ, 9:24
ಬೆರಳಚ್ಚು ಕೊಟ್ಟಿಲ್ಲ. ನಾಳೆ ಶಾಲೆಗೆ ಹೋಗಿ ಹೆಡ್‌ಮಾಸ್ಟರ ಹತ್ರ ಪತ್ರ ಇಸ್ಕೊತೀನಿ.

ದೊಡ್ಡಪ್ಪ, 9:51
ಭಾಗ್ಯ, ವಂಶವೃಕ್ಷಕ್ಕೆ ಯಾರ್ಯಾರ ಆಧಾರ್ ಬೇಕು ಅಂತ ಕೇಳ್ಕೊಂಡು ಹೇಳವ್ವ. ನಂದು ಮಂಜನ ಕೈಲಿ ಕಳಿಸ್ತೀನಿ.